ಪುಟಕ್ಕೊಂದು ತಪ್ಪು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅದರ ದೀರ್ಘ, ಒತ್ತು ಎಲ್ಲ ಸರಿಯಿದೆಯೇ ಎಂದು ನೋಡುವುದರಲ್ಲೇ ಮುಳುಗಿ, ಉಳಿದದ್ದನ್ನು ಅವರು ಓದದೇ ಬಿಟ್ಟಾರು. ಈ ಬರಹವನ್ನು ಅವರು ಕೊನೆಯವರೆಗೂ ಓದಬೇಕು. ಅದಕ್ಕೊಂದು ಕಾರಣವಿದೆ.

ಮುಂಬಯಿಯ ದಾದರಿನಲ್ಲಿದ್ದ ಒಂದು ಕನ್ನಡ ಮುದ್ರಣಾಲಯದಲ್ಲಿ ಅವರು ಹಿರಿಯ ಪ್ರೂಫ್ ರೀಡರ್. ನಾನು ಬಿ.ಎ. ಮುಗಿಸಿ, ಮುಲುಂಡಿನ ಮನೆಯಲ್ಲಿ ಅಮ್ಮನ ಜೊತೆ ಬೇಳೆ ಆರಿಸುತ್ತ ಕೂತಿದ್ದವಳು, ಅಪ್ಪನ ಪರಿಚಯದವರೊಬ್ಬರ ಮಾತಿನ ಮೇಲೆ ಅಲ್ಲಿಗೆ ಸೇರಿದೆ. ನನ್ನ ಕೆಲಸ ಕಾಪಿ ಓದುವುದು. ಲೇಖಕರ ಕೈಬರಹವನ್ನು ನಾನು ಗಟ್ಟಿಯಾಗಿ ಓದುತ್ತ ಹೋಗಬೇಕು, ಅವರು ಅಚ್ಚಾದ ಪ್ರೂಫಿನ ಮೇಲೆ ಅಡಿಪಟ್ಟಿ ಇಟ್ಟು ಸಾಲು ಸಾಲಾಗಿ ಅದನ್ನು ಹೋಲಿಸುತ್ತ ಬರಬೇಕು. ಕಾಮಾ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಮೊದಲ ವಾರ ಮನೆಗೆ ಹೋದವಳು "ಅಮ್ಮ ಕಾಮಾ ಕಾಫಿ ಕೊಡು ಪೂರ್ಣವಿರಾಮ" ಎಂದಾಗ ಅಮ್ಮ ನನ್ನ ಹಣೆ ಮುಟ್ಟಿ ನೋಡಿದ್ದಳು.

ಎರಡು ತಿಂಗಳಾದ ಮೇಲೆ ಪ್ರೂಫುಗಳನ್ನು ಮೊದಲು ನನಗೇ ಕೊಡತೊಡಗಿದರು. ಆಗ ಅವರ ಒಂದು ವಿಚಿತ್ರ ಪದ್ಧತಿ ತಿಳಿಯಿತು. ಪ್ರೂಫ್ ತೆಗೆಯುವ ಮೊದಲು ಅವರು ಅಚ್ಚಿನ ಮೊಳೆ ಜೋಡಿಸುವವರ ಹತ್ತಿರ ಹೋಗಿ, ಪುಟಕ್ಕೊಂದರಂತೆ ಬೇಕೆಂದೇ ಒಂದು ತಪ್ಪು ಮಾಡಿಸಿ ಬರುತ್ತಿದ್ದರು. ಅದು ಯಾವುದೆಂದು ಒಂದು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಓದಿ ಮುಗಿಸಿದ ಮೇಲೆ ಚೀಟಿ ಹೊರಬರುತ್ತಿತ್ತು. ಹಿಡಿದಿದ್ದರೆ "ಆಯ್ತು" ಎಂದು ಅದನ್ನು ಬುಟ್ಟಿಗೆ ಎಸೆಯುವರು. ತಪ್ಪಿಸಿಕೊಂಡಿದ್ದರೆ ಚೀಟಿಯನ್ನು ನನ್ನ ಮುಂದಿಟ್ಟು ಚಹಾ ಕುಡಿಯಲು ಹೋಗುವರು. ಒಂದು ಮಾತೂ ಬೈಯುತ್ತಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಒಂದು ದಿನ ತಡೆಯದೆ ಕೇಳಿದೆ. "ಸಾರ್, ಇರೋ ತಪ್ಪುಗಳೇ ಸಾಲ್ದಾ? ನೀವ್ಯಾಕೆ ಹೊಸದು ಹುಟ್ಟಿಸ್ತೀರಿ?"

"ತಪ್ಪು ಇಲ್ಲ ಅಂತ ಓದುವವರಿಗೆ ತಪ್ಪು ಕಾಣುವುದಿಲ್ಲ ಮಾರಾಯ್ರೆ," ಎಂದರು. "ಒಂದು ಉಂಟೇ ಉಂಟು ಅಂತ ಗೊತ್ತಿದ್ರೆ ಕಣ್ಣು ತೆರೆದಿರ್ತದೆ. ಹೆದರಿಕೆಯೂ ಆಗುವುದಿಲ್ಲ. ಇಟ್ಟದ್ದು ಎಲ್ಲಿಗೆ ಹೋಗ್ತದೆ?"

ಅವರು ಉಡುಪಿ ಕಡೆಯವರು. ಮದುವೆಯಾಗಿರಲಿಲ್ಲ. ಘಾಟ್ಕೋಪರಿನ ಒಂದು ಚಾಲಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಒಂದೇ ಕೋಣೆ ಮಾಡಿಕೊಂಡಿದ್ದರು. ಕಿವಿಯ ಹಿಂದೆ ಸದಾ ಒಂದು ಹಸಿರು ಶಾಯಿಯ ಪೆನ್ನು. ಅವರ ಜೊತೆ ಊಟಕ್ಕೆ ಹೋಗುವುದೆಂದರೆ ಒಂದು ಪಜೀತಿ. ಹೋಟೆಲಿನ ತಿಂಡಿ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ತಿದ್ದಿಸಿ, ಆಮೇಲೆಯೇ ಇಡ್ಲಿಗೆ ಹೇಳುವರು. ಪುಸ್ತಕ, ಪಂಚಾಂಗ, ಮದುವೆಯ ಕರೆಯೋಲೆ, ಯಾವುದರಲ್ಲಿ ತಪ್ಪು ಕಂಡರೂ ಅಚ್ಚು ಹಾಕಿದವರಿಗೆ ಒಂದು ಕಾರ್ಡು ಬರೆಯುವರು. ಪುಟ, ಸಾಲು, ತಪ್ಪು, ಸರಿ ಇಷ್ಟೇ. ವಂದನೆ, ಸಹಿ ಏನೂ ಇಲ್ಲ.

ಎಂಬತ್ತರ ದಶಕದ ನಡುವೆ ಒಂದು ಸುದ್ದಿ ಬಂತು. ಮುಂಬಯಿಯಲ್ಲೇ ಬೇರೊಂದು ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂದು ಅರ್ಧದಷ್ಟು ಜನರನ್ನು ಮನೆಗೆ ಕಳಿಸಿದ್ದಾರಂತೆ. ನಮ್ಮ ಪ್ರೂಫ್ ಕೋಣೆಯಲ್ಲಿ ನಾವು ಐದು ಜನ. ಕನ್ನಡದ ಒತ್ತಕ್ಷರಗಳನ್ನು ಯಾವ ಯಂತ್ರವೂ ಜೀರ್ಣಿಸಿಕೊಳ್ಳಲಾರದು ಎಂದು ಉಳಿದವರು ಧೈರ್ಯ ಹೇಳಿಕೊಂಡರು. ಅಪ್ಪ ಅದೇ ವರ್ಷ ನಿವೃತ್ತರಾಗಿದ್ದರು, ತಂಗಿಯರಿಬ್ಬರು ಕಾಲೇಜಿನಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದ ಮೇಲೆ. ನನಗೆ ಆ ಧೈರ್ಯ ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಯಂತ್ರ ಬಂದೇ ಬರ್ತದೆ," ಎಂದರು. "ಬರುವ ದಿನ ನಮಗೆ ಅದರ ಮುಖಪರಿಚಯ ಆದ್ರೂ ಇರ್ಬೇಕು. ಇಲ್ಲದಿದ್ರೆ ನಮ್ಮನ್ನು ಎಬ್ಬಿಸಿ ಬೇರೆಯವರನ್ನು ಕೂರಿಸ್ತಾರೆ. ನಾನೊಂದು ತಕೊಂಡಿದ್ದೇನೆ. ಶನಿವಾರ ಬನ್ನಿ."

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಊರಿನವರೊಬ್ಬರು ವಿಲಾಯತಿಯಿಂದ ತಂದು, ಬೇಸರವಾಗಿ ಮೂಲೆಗೆ ಹಾಕಿದ್ದ ಮನೆ ಕಂಪ್ಯೂಟರ್ ಅದು. ಒಂದು ದಪ್ಪ ಪುಸ್ತಕದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಅದರ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಂಥ ಮೆತ್ತನೆಯ ಕೀಲಿಗಳು. ಬೇರೆ ಪರದೆ ಇಲ್ಲ, ಟಿವಿಗೆ ಜೋಡಿಸಬೇಕು. ಪ್ರೋಗ್ರಾಂಗಳು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ. ಇದನ್ನು ನೋಡಲು ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು ಬಂದೆನಲ್ಲ ಎಂದು ನನಗೆ ನಗು ಬಂತು.

ಅವರ ಕೋಣೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಸುಮತಿ ಅಕ್ಕನ ಹತ್ತಿರ ಇತ್ತು. ಅವರ ಗಂಡನಿಗೆ ಹೋಟೆಲಿನಲ್ಲಿ ಕೆಲಸ, ಬರುವುದು ತಡ. ಹಾಗಾಗಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಸುಮತಿ ಅಕ್ಕನ ಮನೆಯಲ್ಲಿ ಬಾಗಿಲು ತೆರೆದಿಟ್ಟು ನಮ್ಮ ಪಾಠ. ನಮ್ಮಮ್ಮನಿಗೂ ಇದರಿಂದ ಸಮಾಧಾನ. ಸುಮತಿ ಅಕ್ಕನದು ಎರಡೇ ಷರತ್ತು, ಟಿವಿ ಕೆಡಬಾರದು ಮತ್ತು ಸಂಜೆಯ ಸಿನಿಮಾ ಹೊತ್ತಿಗೆ ಮುಗಿಸಬೇಕು. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬುವಾಗ ಬರುವ ಕಿರುಚಾಟ ಕೇಳಿ ಮೊದಲ ದಿನ ಅವರು ಒಳಗಿನಿಂದ ಸೌಟು ಹಿಡಿದೇ ಓಡಿ ಬಂದರು.

"ಅಣ್ಣೇರೆ, ಇದಕ್ಕೆ ಮೈಮೇಲೆ ಬಂತಾ ಎಂತ?"

ಫೋರ್ಟ್ ಪೇಟೆಯ ಫುಟ್‌ಪಾತ್ ಮೇಲೆ ಅಂಥ ಯಂತ್ರಗಳ ಹಳೆಯ ಇಂಗ್ಲಿಷ್ ಪತ್ರಿಕೆಗಳು ಸಿಗುತ್ತಿದ್ದವು. ಅವುಗಳಲ್ಲಿ ಪುಟಗಟ್ಟಲೆ ಪ್ರೋಗ್ರಾಂ ಅಚ್ಚಾಗಿರುತ್ತಿತ್ತು. ಅದನ್ನು ನೋಡಿಕೊಂಡು ಕೀಲಿ ಒತ್ತಬೇಕು. ಬೇರೆಯವರು ಇದನ್ನು ಹೇಗೆ ಮಾಡುತ್ತಿದ್ದರೋ ಕಾಣೆ, ನಾವು ಮಾತ್ರ ಪ್ರೂಫ್ ಕೋಣೆಯ ಕ್ರಮದಲ್ಲೇ ಮಾಡಿದೆವು. ನಾನು ಗಟ್ಟಿಯಾಗಿ ಓದುವುದು, ಅವರು ಒತ್ತುವುದು. ಮುಗಿದ ಮೇಲೆ ಅದಲುಬದಲು, ಅವರು ಓದುವುದು, ನಾನು ಪರದೆಯ ಮೇಲೆ ಅಡಿಪಟ್ಟಿ ಹಿಡಿದು ನೋಡುವುದು. ಆ ಯಂತ್ರದಲ್ಲಿ ಒಂದು ಕೀಲಿ ಒತ್ತಿದರೆ 'ಪ್ರಿಂಟ್' ಎಂಬ ಇಡೀ ಶಬ್ದವೇ ಮೂಡುತ್ತಿತ್ತು. "ಮುದ್ರಣದೋಷಕ್ಕೆ ಅವಕಾಶವೇ ಇಲ್ಲ ನೋಡಿ," ಎಂದು ಅವರು ಒಂದು ರೀತಿಯ ನಿರಾಸೆಯಿಂದಲೇ ಹೇಳಿದರು. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಡುವುದು ಅವರಿಗೆ ಬಹಳ ಹಿಡಿಸಿತು. ನಡುವೆ ಏನಾದರೂ ಸೇರಿಸಬೇಕಾದರೆ ಜಾಗ ಇರಲಿ ಎಂದು ಹಾಗೆ. ನಮ್ಮ ಲೇಖಕರೂ ಹೀಗೆ ಜಾಗ ಬಿಟ್ಟು ಬರೆದಿದ್ದರೆ ನಮ್ಮ ಕಣ್ಣು ಇನ್ನೂ ಹತ್ತು ವರ್ಷ ಬಾಳುತ್ತಿತ್ತು ಎನ್ನುತ್ತಿದ್ದರು.

ಕೆಲವು ತಿಂಗಳಲ್ಲಿ ಅವರು ತಾವೇ ಪ್ರೋಗ್ರಾಂ ಬರೆಯತೊಡಗಿದರು. ಅದರಲ್ಲೂ ಪುಟಕ್ಕೊಂದು ತಪ್ಪು, ಜೇಬಿನಲ್ಲಿ ಚೀಟಿ. ಒಂದು ಪ್ರೋಗ್ರಾಂ ಪರದೆಯ ಮೇಲೆ ಎಂಟು ಎಸಳಿನ ಹೂವು ಬಿಡಿಸಬೇಕಿತ್ತು. ನಾನು ಅರ್ಧ ಗಂಟೆ ಸಾಲುಗಳನ್ನು ತಡಕಾಡಿದರೂ ತಪ್ಪು ಸಿಗಲಿಲ್ಲ. ಹಪ್ಪಳದ ಹಿಟ್ಟು ನಾದುತ್ತಿದ್ದ ಸುಮತಿ ಅಕ್ಕ ಕುತ್ತಿಗೆ ಎತ್ತಿ ಟಿವಿ ಕಡೆ ನೋಡಿ, "ಅಣ್ಣೇರೆ, ಆಚೆ ಬದಿಗೆ ಒಂದು ಎಸಳು ಕಮ್ಮಿ ಉಂಟು," ಎಂದರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಇವರು ಎದ್ದು ನಿಂತು ಕೈ ಮುಗಿದು, ಚೀಟಿಯನ್ನು ಅವರ ಕೈಗೇ ಕೊಟ್ಟರು. "ಇನ್ನು ಇವರೇ ನಮ್ಮ ಹೆಡ್ ರೀಡರ್," ಎಂದರು. ನನಗೆ ಹೊಟ್ಟೆ ಉರಿದದ್ದು ನಿಜ.

ಕೆಲವು ವರ್ಷ ಕಳೆದ ಮೇಲೆ ಆ ಯಂತ್ರವನ್ನು ಮಾಡುವುದನ್ನೇ ನಿಲ್ಲಿಸಿದರು ಎಂಬ ಸುದ್ದಿ ಬಂತು. ಫುಟ್‌ಪಾತಿನಲ್ಲಿ ಅದರ ಪತ್ರಿಕೆಗಳು ಕಾಣೆಯಾದವು. ಆಫೀಸುಗಳಿಗೆ ಬೇರೆ ಜಾತಿಯ, ದೊಡ್ಡ ಪರದೆಯ ಕಂಪ್ಯೂಟರುಗಳು ಬರತೊಡಗಿದ್ದವು. ನಮ್ಮ ಕೋಣೆಯ ಉಳಿದ ಮೂವರಿಗೆ ಹಬ್ಬವೇ ಆಯಿತು. "ಏನು ಮಾಮ, ನಿಮ್ಮ ಡಬ್ಬಿ ಸತ್ತೇ ಹೋಯ್ತಂತೆ" ಎಂದು ದಿನಕ್ಕೆರಡು ಸಲ ಕೇಳುವರು.

ನಾನೂ ಕೇಳಿದೆ, ಆದರೆ ತಮಾಷೆಗಲ್ಲ. "ಸಾರ್, ಕಂಪನಿಯೇ ನಿಲ್ಲಿಸಿದ ಮೇಲೆ ನಾವು ಇದನ್ನ ಕಲಿತು ಏನು ಪ್ರಯೋಜನ?"

"ಅವರು ನಿಲ್ಲಿಸಿದ್ರೆ ನಾವೂ ನಿಲ್ಲಿಸ್ಬೇಕು ಅಂತ ಎಲ್ಲಿ ಬರ್ದುಂಟು? ನಾವು ಕಲಿಯುವುದು ಡಬ್ಬಿಯನ್ನಲ್ಲ ಮಾರಾಯ್ರೆ."

ಮುಂಬಯಿಯ ಮಳೆಗೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಒಂದೊಂದಾಗಿ ಪ್ರೋಗ್ರಾಂಗಳು ತುಂಬಿಕೊಳ್ಳುವುದನ್ನು ನಿಲ್ಲಿಸಿದವು. ಆಗ ಅವರು ಉದ್ದನೆಯ ಗಟ್ಟಿ ರಟ್ಟಿನ ಪುಸ್ತಕಗಳನ್ನು ತಂದು, ಎಲ್ಲ ಪ್ರೋಗ್ರಾಂಗಳನ್ನೂ ಹಸಿರು ಶಾಯಿಯಲ್ಲಿ ಕೈಯಿಂದ ನಕಲು ಮಾಡತೊಡಗಿದರು. ಕಂಪ್ಯೂಟರಿನದನ್ನು ಕಾಗದಕ್ಕೆ ಇಳಿಸುವ ಮನುಷ್ಯನನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಕೀಲಿಮಣೆ ಕೆಟ್ಟಾಗ ಧಾರಾವಿಗೆ ಹೋಗಿ, ಗುಜರಿ ಅಂಗಡಿಗಳ ಸಾಲಿನಲ್ಲಿ ಎರಡು ಭಾನುವಾರ ಅಲೆದು, ಹಳೆಯ ಟೆಲಿಫೋನುಗಳ ಮೂಟೆಯೊಳಗಿನಿಂದ ಅದೇ ಜಾತಿಯ ಇನ್ನೊಂದು ಪೆಟ್ಟಿಗೆ ಹುಡುಕಿ ತಂದರು. ಎರಡನ್ನೂ ಬಿಚ್ಚಿ ಒಂದು ಮಾಡಿದರು. ಅದು ಇನ್ನೊಂದು ಮಳೆಗಾಲ ನಡೆದು, ಕೊನೆಗೆ ಒಂದು ಶನಿವಾರ ಟಿವಿಯ ಮೇಲೆ ಬರಿಯ ಪಟ್ಟೆಗಳನ್ನು ತೋರಿಸಿ ನಿಂತಿತು.

ನಾನು ಶನಿವಾರ ಹೋಗುವುದನ್ನು ಬಿಟ್ಟೆ. ಒಂದೊಂದು ವಾರ ಒಂದೊಂದು ನೆಪ. ಆರು ವರ್ಷ ಹಾಳು ಮಾಡಿಕೊಂಡೆ ಅನ್ನಿಸಿತ್ತು, ಅದನ್ನು ಅವರ ಮುಖಕ್ಕೆ ಹೇಳುವ ಧೈರ್ಯವಿರಲಿಲ್ಲ. ಅವರೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಯಂತ್ರವಿಲ್ಲದೆಯೇ ಪ್ರೋಗ್ರಾಂ ಬರೆಯುತ್ತಿದ್ದಾರೆ, ಮನಸ್ಸಿನಲ್ಲೇ ಓಡಿಸಿ ನೋಡುತ್ತಾರಂತೆ ಎಂದು ಬೇರೆಯವರಿಂದ ಕೇಳಿದೆ. ಹಾಗೆಯೇ ಅವರ ನಿವೃತ್ತಿಯ ದಿನವೂ ಬಂತು. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಹಸಿರು ಶಾಯಿಯ ಆ ಪುಸ್ತಕಗಳ ಒಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

"ಕಡೇ ಪುಸ್ತಕ ಯಾವ ಯಂತ್ರದಲ್ಲಿಯೂ ಓಡಿಸಿದ್ದಲ್ಲ," ಎಂದರು. "ಅದೊಂದನ್ನು ಓದುವುದು ಬಾಕಿ ಉಂಟು."

ಆರು ತಿಂಗಳೊಳಗೆ ನಮ್ಮಲ್ಲೂ ಯಂತ್ರ ಬಂತು. ಕನ್ನಡ ಅಕ್ಷರ ಮೂಡುವ ಕಂಪ್ಯೂಟರ್, ಒತ್ತಕ್ಷರವನ್ನೂ ಚೆನ್ನಾಗಿಯೇ ಜೀರ್ಣಿಸಿಕೊಂಡಿತು. ಪ್ರೂಫ್ ಕೋಣೆಯಲ್ಲಿ ಉಳಿದಿದ್ದ ನಾಲ್ವರನ್ನು ಯಜಮಾನರು ಕರೆದು ನೇರವಾಗಿಯೇ ಹೇಳಿದರು. ಇದರ ಮುಂದೆ ಕೂರಬಲ್ಲ ಇಬ್ಬರನ್ನು ಇಟ್ಟುಕೊಳ್ಳುತ್ತೇನೆ, ಉಳಿದಿಬ್ಬರಿಗೆ ಕೊಡಬೇಕಾದ್ದನ್ನು ಕೊಟ್ಟು ಕಳಿಸುತ್ತೇನೆ, ಸೋಮವಾರ ನೋಡೋಣ. ಆ ಭಾನುವಾರ ನಾನು ಊಟ ಮಾಡಲಿಲ್ಲ.

ಸೋಮವಾರ ಯಂತ್ರ ಮಾರಿದವರ ಕಡೆಯಿಂದ ಒಬ್ಬ ಹಿಂದಿ ಮಾತಾಡುವ ತರಬೇತುದಾರ ಬಂದಿದ್ದ. ನನಗಿಂತ ಮೊದಲು ಕೂತವರು ಕೀಲಿ ಮುಟ್ಟಲು ಹೆದರಿ, ಬಿಸಿ ಕಾವಲಿ ಮುಟ್ಟುವವರ ಹಾಗೆ ಬೆರಳು ಹಿಂದೆಳೆಯುತ್ತಿದ್ದರು. ನನ್ನ ಬೆರಳಿಗೆ ಆ ಹೆದರಿಕೆ ಇರಲಿಲ್ಲ ಎಂಬುದು ಕೂತ ಮೇಲೇ ನನಗೆ ಗೊತ್ತಾಯಿತು. ಇದರಲ್ಲಿ ಬೇಸಿಕ್ ಇದೆಯೇ ಎಂದು ಕೇಳಿದೆ. ನಾವು ಆ ಕಪ್ಪು ಪೆಟ್ಟಿಗೆಯಲ್ಲಿ ಕಲಿತ ಭಾಷೆ ಅದೇ. ಇದೆ ಎಂದು ಅವನು ನಕ್ಕು ತೆರೆದು ಕೊಟ್ಟ. ನಾನು ಕಡೆಯ ಪುಸ್ತಕವನ್ನು ಚೀಲದಿಂದ ತೆಗೆದೆ.

ನಾನು ಆರಿಸಿಕೊಂಡದ್ದು ಮುದ್ರಣಾಲಯಕ್ಕೆ ಬೇಕಾದ ಪ್ರೋಗ್ರಾಂ. ಪುಸ್ತಕಕ್ಕೆ ಎಷ್ಟು ಪುಟ, ಎಷ್ಟು ಪ್ರತಿ ಎಂದು ಕೇಳಿ, ಎಷ್ಟು ಫಾರಂ ಆಗುತ್ತದೆ, ಎಷ್ಟು ಕಾಗದ ಬೇಕು ಎಂದು ಹೇಳುವಂಥದ್ದು. ಒಂದು ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ, ಮಿಕ್ಕ ಪುಟಗಳಿದ್ದರೆ ಅವಕ್ಕೆ ಇನ್ನೊಂದು. ಒತ್ತಿದೆ. ಮೊದಲಿಗೇ ಪರದೆಯ ಬಣ್ಣ ಹೇಳುವ ಸಾಲಿನಲ್ಲಿ ಯಂತ್ರ ನಿಂತಿತು.

"ಮೇಡಮ್, ಯೇ ಪುರಾನೀ ಮಶೀನ್ ಕಾ ಹೈ. ಇಸ್ ಮೇ ನಹೀ ಚಲೇಗಾ," ಎಂದ ಅವನು. ಹಳೆಯ ಯಂತ್ರದ್ದು ಇದರಲ್ಲಿ ಓಡದಂತೆ.

ಆ ಸಾಲನ್ನು ತೆಗೆದುಹಾಕಿದೆ. ಉಳಿದದ್ದು ಸರಾಗ ಓಡಿತು. ಹಿಂದೆ ನಿಂತಿದ್ದ ಯಜಮಾನರು ಆಗಷ್ಟೇ ಅಚ್ಚಾಗಿದ್ದ ಒಂದು ಪುಸ್ತಕ ತೋರಿಸಿ, "ಇದು ನೂರ ಅರವತ್ತು ಪುಟ. ಹಾಕಿ ನೋಡುವ," ಎಂದರು. ಹಾಕಿದೆ. ಹನ್ನೊಂದು ಫಾರಂ ಎಂದಿತು.

"ಹನ್ನೊಂದಾ? ಹತ್ತಲ್ವಾ?" ಎಂದರು ಯಜಮಾನರು. ತರಬೇತುದಾರ ಕೈ ಕಟ್ಟಿಕೊಂಡ.

ಆಗ ನಿವೃತ್ತಿಯ ದಿನ ಅವರು ಹೇಳಿದ್ದ ಮಾತು ನೆನಪಾಯಿತು. ಓದುವುದು ಬಾಕಿ ಉಂಟು ಎಂದಿದ್ದರು. ಪುಟಕ್ಕೊಂದು ಇದ್ದೇ ಇರುತ್ತದೆ. ನನ್ನ ಹೆದರಿಕೆ ಹೋಯಿತು. ಇಟ್ಟದ್ದಾದರೆ ಎಲ್ಲಿಗೆ ಹೋಗುತ್ತದೆ? ಮೇಜಿನ ಮೇಲಿದ್ದ ಅಡಿಪಟ್ಟಿ ತೆಗೆದು ಪುಸ್ತಕದ ಮೇಲಿಟ್ಟು, ಪ್ರೂಫ್ ಕೋಣೆಯಲ್ಲಿ ಓದುವಂತೆಯೇ ಗಟ್ಟಿಯಾಗಿ, ಕಾಮಾಗಳ ಸಮೇತ ಓದತೊಡಗಿದೆ. ಯಾರೋ ಕಿಸಕ್ಕನೆ ನಕ್ಕರು. ನೂರ ನಲವತ್ತನೆಯ ಸಾಲಿನಲ್ಲಿ ಸಿಕ್ಕಿತು. ಮಿಕ್ಕ ಪುಟಗಳಿಗೆ ಜಾಗ ಸಿಗಲೆಂದು ಒಟ್ಟು ಪುಟಕ್ಕೆ ಹದಿನೈದು ಕೂಡಿಸಿ ಹದಿನಾರರಿಂದ ಭಾಗಿಸಿ ಶೇಷ ಬಿಡಬೇಕು. ಅಲ್ಲಿ ಹದಿನಾರನ್ನೇ ಕೂಡಿಸಿತ್ತು. ಹಾಗಾಗಿ ಪುಟಗಳು ಸರಿಯಾಗಿ ಫಾರಮ್ಮಿಗೆ ಕೂತಾಗಲೆಲ್ಲ ಒಂದು ಫಾರಂ ಹೆಚ್ಚು. ತಿದ್ದಿದೆ. ಹತ್ತು ಬಂತು. ಯಜಮಾನರು ನೂರ ಅರವತ್ತೆಂಟು ಹಾಕಿಸಿದರು. ಹನ್ನೊಂದು ಬಂತು. "ಸರಿ," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಉಳಿದೆ. ಮಾಮನ ಡಬ್ಬಿ ಸತ್ತಿತು ಎಂದು ನಕ್ಕವರಲ್ಲಿ ಇಬ್ಬರಿಗೆ ನಾನೇ ಆ ಪುಸ್ತಕಗಳಿಂದ ಪಾಠ ಹೇಳಿದೆ, ಇಬ್ಬರು ಉಳಿಯಬೇಕಾದಲ್ಲಿ ಮೂವರು ಉಳಿದೆವು. ನಾಲ್ಕನೆಯವರು ತಾವಾಗಿಯೇ ಊರಿಗೆ ಹೊರಟರು. ಈಗಲೂ ಶನಿವಾರ ಮಧ್ಯಾಹ್ನ ಒಂದು ಗಂಟೆ ಕೂತು ಅವರ ಪ್ರೋಗ್ರಾಂಗಳನ್ನು ಒಂದೊಂದಾಗಿ ಹೊಸ ಯಂತ್ರಕ್ಕೆ ತರುತ್ತಿದ್ದೇನೆ. ಬಣ್ಣದ ಸಾಲು ಬದಲಾಗಬೇಕು, ಕೆಲವು ಕಡೆ ಇನ್ನೊಂದೆರಡು. ಮಿಕ್ಕದ್ದು ಹಾಗೆಯೇ ಓಡುತ್ತದೆ. ಹೂವಿನದನ್ನು ತಂದ ದಿನ ಸುಮತಿ ಅಕ್ಕನನ್ನು ಕರೆದುಕೊಂಡು ಬಂದೆ. ಬಣ್ಣದ ಪರದೆಯ ಮುಂದೆ ನಿಂತು ಅವರು ಬೆರಳಿಟ್ಟು ಎಣಿಸಿದರು. "ಎಂಟು. ಸರಿ ಉಂಟು," ಎಂದರು.

ಆದರೆ ಇದನ್ನು ಹೇಳಬೇಕಾದವರಿಗೆ ಹೇಳಲು ಆಗಿಲ್ಲ. ಆ ಸೋಮವಾರ ಸಂಜೆಯೇ ಘಾಟ್ಕೋಪರಿನಲ್ಲಿ ಇಳಿದಿದ್ದೆ. ಕೋಣೆಗೆ ಬೇರೆ ಬೀಗ. ತಂಗಿಯ ಊರಿಗೆ ಹೋಗಿ ನೆಲೆಸುತ್ತೇನೆ, ಕಾಗದ ಬರೆಯುತ್ತೇನೆ ಎಂದು ಹೋದರಂತೆ. ಸತ್ತ ಪೆಟ್ಟಿಗೆಯನ್ನೂ ಟವೆಲಿನಲ್ಲಿ ಸುತ್ತಿಕೊಂಡು ಒಯ್ದರಂತೆ. ತಂಗಿಯ ಊರು ಯಾವುದು ಎಂದು ಸುಮತಿ ಅಕ್ಕನೂ ಕೇಳಿರಲಿಲ್ಲ. ಆಮೇಲೆ ನಮ್ಮ ಮುದ್ರಣಾಲಯಕ್ಕೆ ಕಾರ್ಡುಗಳು ಬರತೊಡಗಿದವು. ನಾವು ಅಚ್ಚು ಹಾಕಿದ ಪುಸ್ತಕಗಳ ತಪ್ಪುಗಳು, ಹಸಿರು ಶಾಯಿಯಲ್ಲಿ. ಪುಟ, ಸಾಲು, ತಪ್ಪು, ಸರಿ. ಕಳಿಸಿದವರ ವಿಳಾಸವಿಲ್ಲ. ಅಂಚೆಯ ಮುದ್ರೆ ಮಸಿ ಮೆತ್ತಿಕೊಂಡು ಓದಲು ಬಾರದು. ಈಗ ಒಂದು ವರ್ಷದಿಂದ ಕಾರ್ಡೂ ಇಲ್ಲ. ನಮ್ಮ ಪುಸ್ತಕಗಳಲ್ಲಿ ತಪ್ಪು ಕಡಿಮೆಯಾಗಿರಬಹುದು. ಹೊಸ ಯಂತ್ರ ಅಷ್ಟು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅವರಿಗೇ ಏನಾದರೂ ಆಗಿದೆಯೇ ಎಂಬ ಯೋಚನೆ ಬರುತ್ತದೆ, ರಾತ್ರಿ ಮಲಗಿದರೆ ಅದು ಹೋಗುವುದಿಲ್ಲ. ಆ ಹದಿನಾರು ನನಗಾಗಿ ಇಟ್ಟ ತಪ್ಪೇ, ಇಲ್ಲವೇ ಯಂತ್ರವಿಲ್ಲದೆ ಬರೆಯುವಾಗ ಅವರಿಗೇ ಆದ ತಪ್ಪೇ ಎಂದು ಕೇಳುವುದೂ ಬಾಕಿಯಿದೆ. ಶನಿವಾರ ಬರುವುದನ್ನು ಬಿಟ್ಟದ್ದಕ್ಕೆ ಕ್ಷಮೆ ಕೇಳುವುದೂ ಬಾಕಿಯಿದೆ.

ಆದ್ದರಿಂದ ಇದನ್ನು ಬರೆದೆ. ಊರ ಕಡೆ ಎಲ್ಲರ ಮನೆಗೂ ಹೋಗುವ ಪತ್ರಿಕೆಗೇ ಕಳಿಸುತ್ತಿದ್ದೇನೆ. ಸಾರ್, ಇಲ್ಲಿಯವರೆಗೆ ಓದಿದ್ದರೆ ನಿಮಗೆ ಆಗಲೇ ಗೊತ್ತಾಗಿರುತ್ತದೆ. ನೂರ ನಲವತ್ತನೆಯ ಸಾಲು ಎಂದು ಮೇಲೆ ಬರೆದದ್ದು ಸರಿಯಲ್ಲ. ಬೇಕೆಂದೇ ಇಟ್ಟಿದ್ದೇನೆ. ಸರಿಯಾದ ಸಂಖ್ಯೆ ನಿಮ್ಮನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅದನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಕಾರ್ಡು ಬರೆಯಿರಿ. ಈ ಸಲ ವಿಳಾಸವನ್ನೂ ಬರೆಯಿರಿ. ನಿಮ್ಮ ಕಾರ್ಡುಗಳಲ್ಲಿದ್ದದ್ದು ಅದೊಂದೇ ತಪ್ಪು, ಅದನ್ನು ನಾನು ಹಿಡಿದಿದ್ದೇನೆ.